ಮುಖ ನೋಡದೆ ಒತ್ತಿದ ಹಸಿರು ಗುಂಡಿ

ಸುಳ್ಳು ಕಟ್ಟಿ ಹೇಳುವವನು ಕಥೆಯಲ್ಲಿ ತನ್ನನ್ನು ಶೂರನನ್ನಾಗಿ ಮಾಡಿಕೊಳ್ಳುತ್ತಾನೆ, ಇಲ್ಲವೇ ಪಾಪದವನನ್ನಾಗಿ. ತನ್ನ ಮೂಗನ್ನು ತಾನೇ ಕೊಯ್ದುಕೊಳ್ಳುವ ಕಥೆಯನ್ನು ಯಾವನೂ ಕಟ್ಟುವುದಿಲ್ಲ. ನಾನು ಹೇಳುವುದನ್ನು ಪೂರ್ತಿ ಕೇಳಿ. ಇದನ್ನು ಕಟ್ಟಿ ಹೇಳಿ ನನಗೆ ಆಗಬೇಕಾದದ್ದು ಏನೂ ಇಲ್ಲ ಎಂದು ನಿಮಗೇ ತಿಳಿಯುತ್ತದೆ. ಇದು ನಡೆದಿದೆ. ಪರೇಲಿನ ಒಂದು ಹಳೆಯ ಬಿಲ್ಡಿಂಗಿನಲ್ಲಿ, ಮೆಟ್ಟಿಲ ಕೆಳಗಿನ ಪಂಪ್ ರೂಮಿನಲ್ಲಿ. ಆಗ ನಾನು ಕುಡಿದಿರಲಿಲ್ಲ, ನಿದ್ದೆಗಣ್ಣಿನಲ್ಲೂ ಇರಲಿಲ್ಲ.

ನನ್ನ ಹೆಸರು ಈರಣ್ಣ. ಊರು ಸಿಂದಗಿ ಕಡೆ. ಮುಂಬೈಗೆ ಬಂದು ತಲೆ ಬೆಳ್ಳಗಾಗುವಷ್ಟು ಕಾಲವಾಯಿತು. ನನ್ನದು ನೀರಿನ ಮೋಟಾರಿನ ಕೆಲಸ. ಬೋರಿನ ಮೋಟಾರು, ಬಿಲ್ಡಿಂಗಿನ ತೊಟ್ಟಿಯ ಮೋಟಾರು... ಹೆಚ್ಚಾಗಿ ಸಬ್‌ಮರ್ಸಿಬಲ್, ಅಂದರೆ ನೀರಿನೊಳಗೆ ಮುಳುಗಿಕೊಂಡೇ ಓಡುವಂಥದ್ದು. ನೀರು ಮತ್ತು ಕರೆಂಟು ಸವತಿಯರಿದ್ದ ಹಾಗೆ. ಇಬ್ಬರನ್ನೂ ಜಗಳವಿಲ್ಲದೆ ಒಂದೇ ಮನೆಯಲ್ಲಿ ಇಡುವುದು ನಮ್ಮ ಕಸುಬು. ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ಈ ಕಡೆ ಇಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವವನು ಶರಣಪ್ಪ ಮಾಮಾ, ನನ್ನ ಅಕ್ಕ ಗಂಗವ್ವನ ಗಂಡ. ವಡಾಳಾದ ಚಾಳಿನಲ್ಲಿ ನಾವೆಲ್ಲ ಒಂದೇ ಖೋಲಿಯಲ್ಲಿ ಇರುತ್ತೇವೆ. ನನಗೆ ಮದುವೆಯಾಗಿಲ್ಲ, ಅಕ್ಕ ಮಾಡಿ ಹಾಕಿದ್ದನ್ನು ತಿನ್ನುತ್ತೇನೆ. ಮಾಮಾ ಸಣಕಲ. ತೊಟ್ಟಿಗೆ ಇಳಿಯುವುದು ಅವನೇ. ನನ್ನ ಹೊಟ್ಟೆ ತೊಟ್ಟಿಯ ಬಾಯಲ್ಲಿ ಹಿಡಿಸುವುದಿಲ್ಲ.

"ನೀ ಇಳಿದ್ರ ಮುಚ್ಚಳ ಬ್ಯಾರೆ ಬೇಕಾಗಂಗಿಲ್ಲ ನೋಡಲೇ, ನೀನ ಬೂಚು," ಎಂದು ಮಾಮಾ ಚ್ಯಾಷ್ಟಿ ಮಾಡುತ್ತಿದ್ದ.

"ನಿನ್ನಂಗ ಉಪವಾಸ ಬಿದ್ದೀನೇನು? ನಮ್ಮಕ್ಕ ಹಾಕಿದ್ದೆಲ್ಲಾ ಎಲ್ಲಿ ಹೋಗತದೋ ನಿಂಗ," ಎಂದು ನಾನು. ನಮ್ಮ ಮಾತು ಯಾವಾಗಲೂ ಹೀಗೇ ಇರುತ್ತಿತ್ತು.

ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮಿಸ್ತ್ರಿ ಒಂದು ಪದ್ಧತಿ ಹಾಕಿಕೊಟ್ಟಿದ್ದ. ಒಬ್ಬ ನೀರಿಗೆ ಇಳಿದರೆ ಮೇಲಿನವನು ಪ್ಯಾನೆಲ್ಲಿನ ಫ್ಯೂಸುಗಳನ್ನೆಲ್ಲ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಇಳಿದವನ ಹೆಸರು ಹಿಡಿದು ಕೂಗಬೇಕು. ಅವನು ಮೇಲೆ ಬಂದು ಪ್ಯಾನೆಲ್ ಮುಂದೆ ನಿಲ್ಲಬೇಕು. ಅವನ ಮುಖ ನೋಡಬೇಕು. ಆಮೇಲೆ ಫ್ಯೂಸು, ಆಮೇಲೆ ಗುಂಡಿ. ವರ್ಷಗಳು ಹೋದ ಹಾಗೆ ನಾನು ಅದರಲ್ಲಿ ಒಂದೊಂದನ್ನೇ ಬಿಟ್ಟೆ. ಫ್ಯೂಸು ಕೀಳುವುದು ಹೊಸಬರ ಕೆಲಸ ಎನಿಸತೊಡಗಿತು. ಮುಖ ನೋಡುವುದೂ ಹೋಯಿತು. ಹೆಸರು ಕೂಗುವುದು, "ಬಂದೀನಿ" ಎಂಬ ಉತ್ತರ ಕೇಳುವುದು... ಇಷ್ಟೇ ಉಳಿದಿತ್ತು. ಮಾಮಾನ ದನಿ ನನಗೆ ಗೊತ್ತಿಲ್ಲವೇ? ದಿನವೂ ಕೇಳುವ ದನಿ.

ಆ ಬಿಲ್ಡಿಂಗಿನ ಸೆಕ್ರೆಟರಿ ಮೂರ್ತಿಯವರು ಮೈಸೂರಿನವರು, ರಿಟೈರ್ ಆದವರು. ಕನ್ನಡದವರು ಎಂದು ನಮ್ಮನ್ನೇ ಕರೆಯುತ್ತಾರೆ. ನೆಲದಡಿಯ ತೊಟ್ಟಿಯ ಮೋಟಾರು ಸುಟ್ಟುಹೋಗಿ ಜನ ಬಕೀಟು ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಬೆಳಗಿನ ಜಾವ ಮುನಿಸಿಪಾಲಿಟಿ ನೀರು ತೊಟ್ಟಿಗೆ ಬಂದುಬಿಟ್ಟರೆ ಅದರೊಳಗೆ ಕೆಲಸ ಮಾಡಲು ಆಗುವುದಿಲ್ಲ. ಹಾಗಾಗಿ ರಾತ್ರಿಯೇ ಹೊಸ ಮೋಟಾರು ಕೂರಿಸಬೇಕಾಗಿತ್ತು.

ಸಂಜೆಯೇ ಮುಚ್ಚಳ ತೆಗೆದು ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟಿದ್ದೆವು. ಹಳೆಯ ಮೋಟಾರನ್ನು ಹಗ್ಗ ಕಟ್ಟಿ ಎಳೆದೆವು. ಹೊಸದಕ್ಕೆ ಶುದ್ಧ ನೀರು ತುಂಬಿಸಿ, ಶಾಫ್ಟು ಕೈಯಲ್ಲಿ ತಿರುಗುತ್ತದೆಯೇ ನೋಡಿ, ಕೇಬಲ್ಲಿನ ಜೋಡಣೆಗೆ ಟೇಪು ಸುತ್ತಿ, ಹಗ್ಗದಿಂದಲೇ ಇಳಿಸಿದೆವು. ಕೇಬಲ್ ಹಿಡಿದು ಇಳಿಸುವ ಹುಂಬರು ನಾವಲ್ಲ. ಅಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ. ಫ್ಯೂಸುಗಳನ್ನೂ ಆವತ್ತು ಕಿತ್ತಿದ್ದೆ, ಮೂರ್ತಿಯವರು ನಿಂತು ನೋಡುತ್ತಿದ್ದರಲ್ಲ!

ಮಾಮಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬ್ಯಾಟರಿ ಹಿಡಿದು ಇಳಿದ. ಸೊಂಟದ ತನಕ ನೀರು. ಒಳಗೆ ಪೈಪನ್ನು ಮೋಟಾರಿಗೆ ಸೇರಿಸಿ ಬೋಲ್ಟು ಬಿಗಿಯಬೇಕಿತ್ತು. ತೊಟ್ಟಿಯ ಬಾಯಿ ಹಿಂದಿನ ಅಂಗಳದಲ್ಲಿ. ಪಂಪ್ ರೂಮು ಮೆಟ್ಟಿಲ ಕೆಳಗೆ, ಗೋಡೆಯ ಮೂಲೆ ತಿರುಗಿದ ಮೇಲೆ. ಪ್ಯಾನೆಲ್ ಮುಂದೆ ನಿಂತರೆ ತೊಟ್ಟಿಯ ಬಾಯಿ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

ಪಾನಾ, ಅಂದರೆ ಸ್ಪ್ಯಾನರ್, ಬೋಲ್ಟಿಗೆ ತಾಗುವ ಸದ್ದು ಬರುತ್ತಿತ್ತು. ಟಣ್... ಟಣ್... ಮಾಮಾನದು ಆಮೆಯ ಕೆಲಸ. ನನಗೋ ಬೇಗ ಮುಗಿಸಿ ಮನೆ ಸೇರುವ ಆತುರ.

"ಎಷ್ಟೊತ್ತಲೇ ಮಾಮಾ, ಅಲ್ಲೇ ಸಂಸಾರ ಹೂಡ್ತೀಯೇನು?" ಎಂದು ಮೂಲೆಯಿಂದ ಕೂಗಿದೆ.

"ಆತುರಗಾರಗ ಬುದ್ಧಿ ಮಟ್ಟ ಅಂತಾರ ತಮ್ಮಾ," ಎಂದು ತೊಟ್ಟಿಯೊಳಗಿನಿಂದ ದನಿ ಬಂತು. ತೊಟ್ಟಿಯೊಳಗಿನ ದನಿ ಹೇಗಿರುತ್ತದೆಂದರೆ, ಹಂಡೆಯಲ್ಲಿ ತಲೆ ಹಾಕಿ ಮಾತಾಡಿದ ಹಾಗೆ. ದಪ್ಪಗೆ, ಸುತ್ತುಬಳಸಿ ಬರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು.

ಸುಮ್ಮನೆ ನಿಂತು ಬೇಜಾರಾಗಿ, ಮೂರು ಫೇಸೂ ಬರುತ್ತಿದೆಯೇ ನೋಡೋಣ ಎಂದು ಜೇಬಿನಿಂದ ಫ್ಯೂಸು ತೆಗೆದು ಹಾಕತೊಡಗಿದೆ. ಮೂರ್ತಿಯವರು ಹಿಂದೆಯೇ ನಿಂತಿದ್ದರು.

"ಅಲ್ಲಾ ಈರಣ್ಣ, ಶರಣಪ್ಪನವರು ಇನ್ನೂ ಒಳಗೇ ಇದ್ದಾರಲ್ರೀ. ಈಗ್ಲೇ ಫ್ಯೂಸ್ ಹಾಕ್ತಿದ್ದೀರಾ?"

ನನಗೆ ಸರ್ರನೆ ಸಿಟ್ಟು ಬಂತು. "ಸರ್, ನೀವು ಕಾಗದದ ಕೆಲಸ ಮಾಡಿದವ್ರು. ಸ್ವಿಚ್ಚು ನನ್ನ ಕೈಯಾಗ ಐತಿ. ಟೆನ್ಷನ್ ತಗೋಬ್ಯಾಡ್ರಿ."

"ಹಾಗಲ್ಲಪ್ಪ, ಸೇಫ್ಟಿಗೆ ಹೇಳ್ದೆ..."

"ನನಗ ಸೇಫ್ಟಿ ಕಲಸ್ತೀರೇನ್ರಿ? ಹೋಗಿ ಮಲಗ್ರಿ. ನೀರು ಬಂದ ಮ್ಯಾಲ ಎಬ್ಬಸ್ತೀನಿ."

ಹಿರಿಯರು ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತಿದರು. ಆ ಮಾತನ್ನು ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಪ್ಯಾನೆಲ್ಲಿನ ಕೆಂಪು, ಹಳದಿ, ನೀಲಿ ದೀಪಗಳು ಮೂರೂ ಹತ್ತಿದವು. ಫ್ಯೂಸುಗಳನ್ನು ಮತ್ತೆ ಕೀಳಬೇಕಿತ್ತು. ಕೀಳಲಿಲ್ಲ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ, ಹೊಸ ಮೋಟಾರಿನ ಅರ್ಥಿಂಗ್ ತಂತಿ ಇನ್ನೂ ಗೋಡೆಯ ಪಕ್ಕ ಸುರುಳಿಯಾಗಿ ಬಿದ್ದಿತ್ತು. ಅದನ್ನೂ ಕಟ್ಟಲಿಲ್ಲ. ಒಮ್ಮೆ ಓಡಿಸಿ ದಿಕ್ಕು ನೋಡಿ, ಉಲ್ಟಾ ತಿರುಗಿದರೆ ಎರಡು ತಂತಿ ಬದಲಿಸಿ, ಕೊನೆಗೆ ಅರ್ಥಿಂಗ್ ಕಟ್ಟಿದರಾಯಿತು ಎಂದುಕೊಂಡೆ.

ಆಗ ಆ ಜಾಗ ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು.

ಮುಂಬೈಯಲ್ಲಿ ರಾತ್ರಿಯೂ ಸದ್ದು ನಿಲ್ಲುವುದಿಲ್ಲ. ಯಾರದೋ ಟಿವಿ, ಟ್ಯಾಕ್ಸಿ, ದೂರದಲ್ಲಿ ಲೋಕಲ್ಲು, ನಾಯಿ... ಏನಾದರೊಂದು ಇದ್ದೇ ಇರುತ್ತದೆ. ಆ ಹೊತ್ತು ಏನೂ ಇರಲಿಲ್ಲ. ಸುಟ್ಟ ಮೋಟಾರಿನ ವಾರ್ನಿಷ್ ಕಮಟು ಮೂಲೆಯಿಂದ ಬರುತ್ತಿತ್ತು. ಅದರ ಜೊತೆಗೆ ಬ್ಲೀಚಿಂಗ್ ಪುಡಿಯ ವಾಸನೆ, ಹಸಿ ಸುಣ್ಣದ ವಾಸನೆ. ತೊಟ್ಟಿಯ ಒಳಗಿನ ವಾಸನೆ ಅದು. ತೊಟ್ಟಿಯಿಂದ ಇಷ್ಟು ದೂರ ಅದು ಯಾಕೆ ಬಂತೆಂದು ಯೋಚಿಸಿದೆ. ಗಾಳಿ ತಿರುಗಿರಬೇಕು ಎಂದುಕೊಂಡೆ.

ಗುಂಯ್... ಎಂದು ಸಣ್ಣಗೆ ಒಂದು ಗುನುಗು ಕೇಳಿತು. ನಾನು ಸ್ಟಾರ್ಟರಿಗೆ ಕಿವಿ ಕೊಟ್ಟೆ. ಸದ್ದು ಅಲ್ಲಿಂದಲ್ಲ. ಬೀದಿಯ ಟ್ರಾನ್ಸ್‌ಫಾರ್ಮರು ಎಂದುಕೊಂಡೆ. ಹಾಗೆಂದುಕೊಂಡ ಕೂಡಲೇ ನಿಂತಿತು. ಮೂಲೆಯಲ್ಲಿ ಕೂರಿಸಿದ್ದ ಸುಟ್ಟ ಮೋಟಾರಿನ ಮೇಲೆ ಯಾಕೋ ಕೈ ಇಟ್ಟು ನೋಡಿದೆ. ದಿನಗಟ್ಟಲೆ ಕೆಟ್ಟು ನೀರಿನಲ್ಲಿ ಬಿದ್ದಿದ್ದ ಮೋಟಾರು... ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆಯ ಹಾಗೆ. ಕೈ ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡೆ.

ಪಾನಾದ ಟಣ್ ಟಣ್ ನಿಂತಿತ್ತು.

ಮುಗಿಸಿದನೇನೋ ಎಂದು ಪ್ಯಾನೆಲ್ ಕಡೆ ಮುಖ ಮಾಡಿಕೊಂಡೇ ಕೂಗಿದೆ. "ಶರಣಪ್ಪ ಮಾಮಾ! ಬಂದ್ಯಾ?"

"ಬಂದೀನಿ. ಚಾಲೂ ಮಾಡು."

ನನ್ನ ಹಿಂದೆಯೇ. ಹಂಡೆಯೊಳಗಿನ ದನಿಯಲ್ಲ, ದೂರದ ದನಿಯಲ್ಲ. ಕತ್ತಿಗೆ ಉಸಿರು ತಾಗುವಷ್ಟು ಹತ್ತಿರದಿಂದ, ತಣ್ಣಗೆ, ಮಾಮಾನದೇ ದನಿ. ಹಾಗೆ ಕೇಳಿತು ನನಗೆ. ತಿರುಗಿದ್ದರೆ ಮುಗಿಯುತ್ತಿತ್ತು. ಕತ್ತು ತಿರುಗಿಸಲು ಎಷ್ಟು ಹೊತ್ತು ಬೇಕು ಹೇಳಿ?

ನಾನು ತಿರುಗಲಿಲ್ಲ. ಹಸಿರು ಗುಂಡಿ ಒತ್ತಿದೆ.

ಸ್ಟಾರ್ಟರು ಠಕ್ ಎಂದು ಹಿಡಿದುಕೊಂಡಿತು. ಆದರೆ ಮೋಟಾರು ಎಳೆಯುವ ಕರೆಂಟನ್ನು ತೋರಿಸುವ ಆಂಪಿಯರ್ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಮೋಟಾರು ಓಡಲಿಲ್ಲ. ಮೂರು ದೀಪವೂ ಉರಿಯುತ್ತಿತ್ತು, ಕರೆಂಟಿತ್ತು, ಗುಂಡಿ ಹಿಡಿದಿತ್ತು, ಮುಳ್ಳು ಮಾತ್ರ ಸೊನ್ನೆಯಲ್ಲೇ ಸತ್ತು ಬಿದ್ದಿತ್ತು.

"ಥೂ ಇದರ..." ಎಂದು ಬೈದು ಕೆಂಪು ಗುಂಡಿ ಒತ್ತಿ ಬಿಡಿಸಿದೆ. ಮತ್ತೆ ಹಸಿರು ಗುಂಡಿ. ಈ ಸಲ ಸಿಟ್ಟಿನಿಂದ, ಹೆಬ್ಬೆರಳು ಬಿಳಿಚುವ ಹಾಗೆ ಒತ್ತಿ ಹಿಡಿದೆ. ಹೌದು, ಎರಡನೇ ಸಲವೂ ನಾನೇ.

ಠಕ್. ಮುಳ್ಳು ಅಲ್ಲಾಡಲಿಲ್ಲ.

"ಏನಾಗೇತಿ ಮಾಮಾ ಇದಕ್ಕ, ನೀನ ನೋಡು ಬಾ," ಎಂದು ಹಿಂದೆ ನಿಂತವನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಮೂಲೆಯ ಆಚೆಯಿಂದ, ನೆಲದ ಒಳಗಿನಿಂದ, ಹಂಡೆಯೊಳಗಿನ ದನಿ ದಪ್ಪಗೆ ಬಂತು.

"ಲೇ ಈರ್ಯಾ... ಪಾನಾ ಕೈ ಜಾರಿ ನೀರಾಗ ಬಿದ್ದಿತ್ತು, ಸಿಕ್ತು. ಇನ್ನೊಂದ ಬೋಲ್ಟ್ ಐತಿ. ತಡಿ ಸ್ವಲ್ಪ."

ದೇವರೇ...

ನನ್ನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಅದನ್ನು ತೆಗೆಯಲು ಆಗಲಿಲ್ಲ. ಬೆರಳು ನನ್ನದಲ್ಲವೇನೋ ಎಂಬ ಹಾಗೆ ಅಂಟಿಕೊಂಡಿತ್ತು. ಎಡಗೈಯಿಂದ ಕೆಂಪು ಗುಂಡಿ ಹೊಡೆದೆ. ಮೇನ್ ಸ್ವಿಚ್ಚು ಎಳೆದೆ. ಆಮೇಲೆ ತಿರುಗಿ ನೋಡಿದೆ.

ಯಾರೂ ಇರಲಿಲ್ಲ. ಮೆಟ್ಟಿಲು ಖಾಲಿ, ದಾರಿ ಖಾಲಿ. ತೊಟ್ಟಿಯಿಂದ ಎದ್ದು ಬಂದವನಾಗಿದ್ದರೆ ನೀರು ಸುರಿಯಬೇಕಿತ್ತು, ಕಾಲಿನ ಗುರುತು ಇರಬೇಕಿತ್ತು. ನನ್ನ ಬ್ಯಾಟರಿ ಹಿಡಿದು ನೋಡಿದೆ. ನೆಲ ಒಣಗಿತ್ತು. ಧೂಳು ಕೂಡ ಕದಲಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ದೆವ್ವಕ್ಕೆ ಹೆದರಿ ಅಲ್ಲ, ನಿಜ ಹೇಳುತ್ತೇನೆ. ಸೊಂಟದ ತನಕ ನೀರಿನಲ್ಲಿ ನಿಂತ ನನ್ನ ಅಕ್ಕನ ಗಂಡ, ಅವನ ಕೈ ಮೋಟಾರಿನ ಮೇಲೆ, ಅರ್ಥಿಂಗ್ ಇಲ್ಲದ ಮೋಟಾರು... ಟೇಪಿನ ಸುತ್ತಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಸಾಕಿತ್ತು. ಎರಡು ಸಲ ಒತ್ತಿದ್ದೆ. ಎರಡು ಸಲ ಅವನನ್ನು ಕೊಂದಿದ್ದೆ, ಅವನು ಸತ್ತಿರಲಿಲ್ಲ ಅಷ್ಟೇ.

ಮಾಮಾ ಬಂದದ್ದು ಆಮೇಲೆ. ಪಚಪಚ ಎಂದು ಕಾಲಿನ ಸದ್ದು, ಮೈಯಿಂದ ನೀರು, ಚಳಿಗೆ ಹಲ್ಲು ಕಟಕಟ. ನನ್ನ ಮುಂದೆ ಬಂದು ನಿಂತ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಅವನ ಕಾಲನ್ನೇ ನೋಡುತ್ತ ಕೂತೆ.

"ಯಾಕಲೇ, ಮೈ ಆರಾಮಿಲ್ಲೇನು?" ಎಂದ.

ಅವನು ಪ್ಯಾನೆಲ್ ನೋಡಿದ. ಕಿತ್ತಿಟ್ಟಿರಬೇಕಾಗಿದ್ದ ಫ್ಯೂಸುಗಳು ಅವುಗಳ ಜಾಗದಲ್ಲೇ ಕೂತಿದ್ದವು. ಗೋಡೆಯ ಪಕ್ಕ ಸುರುಳಿಯಾಗಿ ಬಿದ್ದ ಅರ್ಥಿಂಗ್ ತಂತಿಯನ್ನೂ ನೋಡಿದ. ಆಮೇಲೆ ನನ್ನ ಬಲಗೈ ನೋಡಿದ. ಅದರ ಹೆಬ್ಬೆರಳನ್ನು ನಾನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದೆ.

"ಒತ್ತಿದ್ಯಾ?"

ಹೌದೆಂದು ತಲೆ ಆಡಿಸಿದೆ.

ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ, ನಾನು ಅವನ ಕಾಲು ಹಿಡಿದುಕೊಂಡು ಅತ್ತುಬಿಡುತ್ತಿದ್ದೆ. ಮಾಮಾ ಏನೂ ಮಾಡಲಿಲ್ಲ. ಟವೆಲ್ಲಿನಿಂದ ತಲೆ ಒರೆಸಿಕೊಂಡ. ಎಷ್ಟೋ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದ.

"ಗಂಗೀಗೆ ಹೇಳಬ್ಯಾಡ. ಹೆದರ್ತಾಳ," ಎಂದ. ಅಷ್ಟೇ.

ಯಾರೋ ಓಗೊಟ್ಟರು, ನಿನ್ನ ದನಿಯಲ್ಲೇ ಹೇಳಿದರು ಎಂದು ನಾನು ಆಗ ಬಾಯಿ ಬಿಟ್ಟೆ. ಅರ್ಧ ಹೇಳಿ ನಿಲ್ಲಿಸಿದೆ. ನೆಪ ಹೇಳುತ್ತಿದ್ದೇನೆ ಎಂದು ನನಗೇ ಕೇಳಿಸಿತು. ಮಾಮಾ ನನ್ನನ್ನು ಒಂಥರಾ ನೋಡಿ, ಏನೋ ಹೇಳಲು ಹೋಗಿ, ಸುಮ್ಮನಾದ. ಬಗ್ಗಿ ಅರ್ಥಿಂಗ್ ತಂತಿ ಎತ್ತಿಕೊಂಡು ತಾನೇ ಕಟ್ಟತೊಡಗಿದ.

ತೊಟ್ಟಿಯ ಮುಚ್ಚಳ ಹಾಕಿದೆವು. ಒಳಗೆ ಯಾರೂ ಇಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದೇವೆ. "ಒತ್ತು," ಎಂದ ಮಾಮಾ. ನನ್ನ ಕೈ ಮುಂದೆ ಹೋಗಲಿಲ್ಲ. ಅವನೇ ಒತ್ತಿದ.

ಠಕ್. ಮುಳ್ಳು ಎದ್ದು ಕುಣಿದು ತನ್ನ ಜಾಗಕ್ಕೆ ಬಂದು ನಿಂತಿತು. ಮೋಟಾರು ಹೊಸ ಎಮ್ಮೆಯ ಹಾಗೆ ಗುರುಗುಟ್ಟುತ್ತ ಓಡಿತು. ದಿಕ್ಕೂ ಸರಿ ಇತ್ತು. ನಾವು ಯಾವ ತಂತಿಯನ್ನೂ ಬದಲಿಸಿರಲಿಲ್ಲ, ಯಾವ ಸ್ಕ್ರೂವನ್ನೂ ಮುಟ್ಟಿರಲಿಲ್ಲ. ನೀರು ಕಡಿಮೆಯಾದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನ ಆ ಪ್ಯಾನೆಲ್ಲಿನಲ್ಲಿ ಇರಲೇ ಇಲ್ಲ. ಹಾಗಿದ್ದ ಮೇಲೆ ಮೊದಲು ಎರಡು ಸಲ ಯಾಕೆ ಓಡಲಿಲ್ಲ? ಆಮೇಲೆ ಇನ್ನೊಂದು ದಿನ ಹೋಗಿ ಸ್ಟಾರ್ಟರನ್ನು ಪೂರ್ತಿ ಬಿಚ್ಚಿ ನೋಡಿದೆ. ಕಾಂಟ್ಯಾಕ್ಟುಗಳು ಹೊಳೆಯುತ್ತಿದ್ದವು. ಒಂದು ಕಪ್ಪು ಚುಕ್ಕೆ ಇರಲಿಲ್ಲ.

ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದಿಗೆ ಮೂರ್ತಿಯವರು ಓಡುತ್ತ ಬಂದರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

"ವಾಹ್ ಈರಣ್ಣ! ನಾನು ಸುಮ್ನೆ ಗಾಬರಿ ಬಿದ್ದೆ ನೋಡಿ. ನಿಮ್ಮಂಥ ಅನುಭವಸ್ಥರಿಗೆ ನಾನು ಹೇಳಕ್ಕೆ ಬಂದೆ. ಮನಸ್ಸಿಗೆ ಹಚ್ಕೋಬೇಡಿ, ಆಂ?"

ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು! ಆ ಹಿರಿಯರು, ನನ್ನ ಹತ್ತಿರ! ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಮಾಮಾ ತನ್ನ ಲೋಟದೊಳಗೇ ನೋಡುತ್ತ ಕಾಫಿ ಕುಡಿದ.

ಕಾಫಿಯ ಲೋಟ ವಾಪಸು ಕೊಡುವಾಗ ಕೇಳಿಯೇಬಿಟ್ಟೆ. "ಸರ್, ಈ ತೊಟ್ಟ್ಯಾಗ ಯಾರಾದ್ರೂ... ಹಿಂದ ಯಾವಾಗರ ಏನರ ಆಗೇತೇನ್ರಿ?"

"ಏನು, ಬಿದ್ದು ಗಿದ್ದು ಅಂತಾನಾ? ಛೆ ಛೆ! ಬಿಲ್ಡಿಂಗ್ ಕಟ್ಟಿದಾಗ್ಲಿಂದ ಇದ್ದೀನಿ. ಒಂದು ಪಾರಿವಾಳ ಕೂಡ ಬಿದ್ದಿಲ್ಲ. ಯಾಕ್ರೀ?"

"ಏನಿಲ್ರಿ. ಹಂಗ ಸುಮ್ನ."

ನನಗೆ ನಿರಾಸೆಯಾಯಿತು. ನಗಬೇಡಿ. ಯಾರೋ ಸತ್ತಿದ್ದಾರೆ ಎಂದು ಅವರು ಹೇಳಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಒಂದು ದೆವ್ವ ಸಿಕ್ಕಿದ್ದರೆ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟಬಹುದಿತ್ತು. ಯಾರದೋ ಸಾವಿಗೆ ಆಸೆ ಪಟ್ಟು ಕೇಳಿದ ಮನುಷ್ಯ ನಾನು, ಇನ್ನೇನು ಹೇಳಲಿ?

ಬೆಳಗಿನ ಲೋಕಲ್ಲು ಹಿಡಿದು ವಡಾಳಾಕ್ಕೆ ಬಂದೆವು. ಮನೆಯಲ್ಲಿ ಅಕ್ಕ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಮಾಮಾ ಸ್ನಾನಕ್ಕೆ ಹೋದ.

"ರಾತ್ರಿಯೆಲ್ಲಾ ನಿದ್ದಿ ಹತ್ಲಿಲ್ಲೋ ತಮ್ಮಾ, ಯಾಕೋ ಏನೋ," ಎಂದಳು ಅಕ್ಕ. "ಎಡಗಣ್ಣು ಬಲಗಣ್ಣು ಹಾರೂದನ್ನ ನಾ ನಂಬಂಗಿಲ್ಲ. ಆದ್ರ ಎದಿ ಡವಡವ ಅಂತಿತ್ತು. ಆಮ್ಯಾಲ ಅಂದ್ಕೊಂಡೆ, ಈರ್ಯಾ ಸಂಗಾಟ ಅದಾನಲ್ಲ, ನಂಗ್ಯಾಕ ಚಿಂತಿ ಅಂತ."

ಹಾಗೆಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ. ಅವಳ ಕೈಬಳೆಗಳು ನನ್ನ ಮುಂದೆಯೇ ಸದ್ದು ಮಾಡಿದವು. ಆ ಬಳೆಗಳನ್ನು ನೋಡುತ್ತ ನಾನು ತುತ್ತು ಮುರಿದೆ. ಅದನ್ನು ತಾಟಿನಲ್ಲೇ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದು ಎದ್ದು ಖೋಲಿಯ ಮುಂದಿನ ಗ್ಯಾಲರಿಗೆ ಹೋಗಿ ನಿಂತೆ. ಅಕ್ಕ ಹಿಂದೆಯೇ ಬಂದು ಓಂಕಾಳು ತಂದುಕೊಟ್ಟಳು.

ಅಲ್ಲಿಂದ ಮುಂದೆ ಮಾಮಾ ಬದಲಾಗಲಿಲ್ಲ. ಚ್ಯಾಷ್ಟಿ ಮಾಡುತ್ತಾನೆ, ಬೂಚು ಎನ್ನುತ್ತಾನೆ, ನನ್ನ ಜೊತೆಯೇ ಕೆಲಸಕ್ಕೆ ಬರುತ್ತಾನೆ. ಒಂದೇ ಒಂದು ಬದಲಾವಣೆ. ತೊಟ್ಟಿಗೆ ಇಳಿಯುವ ಮುಂಚೆ ಪ್ಯಾನೆಲ್ ಹತ್ತಿರ ಹೋಗಿ, ಫ್ಯೂಸುಗಳನ್ನು ತಾನೇ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತನ್ನ ಕೊರಳಿಗೆ ಕಟ್ಟಿಕೊಳ್ಳುತ್ತಾನೆ. ನನ್ನ ಕಡೆ ನೋಡುವುದಿಲ್ಲ. ಸರಿಯಾದ ಕೆಲಸವೇ ಅದು. ಮೊದಲೇ ಹಾಗೆ ಮಾಡಬೇಕಿತ್ತು. ಆದರೆ ಪ್ರತಿ ಸಲ ಅವನು ಫ್ಯೂಸಿಗೆ ಕೈ ಹಾಕಿದಾಗ ನಾನು ಆಚೆ ತಿರುಗಿ ಏನಾದರೂ ಹುಡುಕುವವನ ಹಾಗೆ ನಟಿಸುತ್ತೇನೆ.

ಎಷ್ಟು ದಿನ ತಡೆದುಕೊಳ್ಳಲಿ? ಒಂದು ರವಿವಾರ ಮಧ್ಯಾಹ್ನ, ಅಕ್ಕ ಮಾರ್ಕೆಟಿಗೆ ಹೋಗಿದ್ದಾಗ, ಗ್ಯಾಲರಿಯಲ್ಲಿ ಕೂತು ಪಾನಾಗಳಿಗೆ ಎಣ್ಣೆ ಹಚ್ಚುತ್ತಿದ್ದೆವು. ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹೆದರುವ ಹೊತ್ತೇ ಅಲ್ಲ ಅದು.

"ಮಾಮಾ, ಒಂದ ಕೇಳ್ತೀನಿ. ಆ ರಾತ್ರಿ ನಾ ನಿನ್ನ ಹೆಸರು ಹಿಡದು ಕರದೆ. ನಿಂಗ ಕೇಳಸ್ತೇನು?"

"ಕೇಳಸ್ತು."

"ಮತ್ತ... ಬಂದೀನಿ, ಚಾಲೂ ಮಾಡು ಅಂದದ್ದು?"

ಮಾಮಾ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ.

"ಅದೂ ಕೇಳಸ್ತು," ಎಂದ.

ನನ್ನ ಮೈಯೆಲ್ಲ ಜುಮ್ಮೆಂದಿತು. ಅದರ ಜೊತೆಗೆ, ಹೇಳಲು ನಾಚಿಕೆಯಾಗುತ್ತದೆ, ಖುಷಿಯೂ ಆಯಿತು. ಅಂದರೆ ನಾನು ಸುಳ್ಳು ಹೇಳಿರಲಿಲ್ಲ. ಅಂದರೆ ಇನ್ನೊಬ್ಬರು ಅಲ್ಲಿ ನಿಜವಾಗಿ ಇದ್ದರು!

"ನೋಡಿದ್ಯಾ! ಹೇಳಲಿಲ್ಲೇನು ನಾ? ಸೇಮ್ ನಿನ್ನ ದನಿ. ನನ್ನ ಬೆನ್ನ ಹಿಂದ. ಯಾರಿದ್ರೂ ಮೋಸ ಹೋಗ್ತಿದ್ರು ಮಾಮಾ, ಖರೇನ..."

ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದ. ಆ ರಾತ್ರಿ ಏನೋ ಹೇಳಲು ಹೋಗಿ ಸುಮ್ಮನಾದಾಗ ಹೇಗೆ ನೋಡಿದ್ದನೋ, ಹಾಗೆಯೇ.

"ನನ್ನ ದನಿ ಅಲ್ಲೋ ತಮ್ಮಾ," ಎಂದ. ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. "ನಿನ್ನ ದನಿ."

"ಏನಂದಿ?"

"ನೀ ಕರದಿ, ಬಂದ್ಯಾ ಅಂತ. ಆಮ್ಯಾಲ ನೀನ ಅಂದಿ, ಬಂದೀನಿ ಚಾಲೂ ಮಾಡು ಅಂತ. ನಾ ತೆಳಗ ನೀರಾಗ ಕೈ ಹಾಕಿ ಪಾನಾ ಹುಡುಕ್ಲಿಕ್ಕತ್ತಿದ್ದೆ. ನನ್ನಂಗ ಮಾತಾಡಿ ಚ್ಯಾಷ್ಟಿ ಮಾಡಾಕತ್ಯಾನ ಅಂತ ನಕ್ಕೆ ನಾ. ಖರೇ ಹೇಳ್ತೀನಿ, ನಕ್ಕೆ."

ಕೆಳಗೆ ಹುಡುಗರು ಔಟ್ ಔಟ್ ಎಂದು ಕಿರುಚಿದರು. ನಾನು ಎಣ್ಣೆಯ ಕೈಯಲ್ಲೇ ಕಟಕಟೆ ಹಿಡಿದುಕೊಂಡೆ.

"ನಾ ಬಾಯಿ ಬಿಟ್ಟಿಲ್ಲ ಮಾಮಾ. ಅಕ್ಕನ ಆಣಿ. ನಾ ಏನೂ ಅಂದಿಲ್ಲ."

"ಇರ್ಲಿ ಬಿಡು," ಎಂದ ಮಾಮಾ. ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಮತ್ತೆ ಪಾನಾಕ್ಕೆ ಎಣ್ಣೆ ಹಚ್ಚತೊಡಗಿದ.

ನಾನು ಎಷ್ಟೋ ಸಲ ಆ ಹೊತ್ತನ್ನು ನೆನಪಿಗೆ ತಂದುಕೊಂಡಿದ್ದೇನೆ. ನನ್ನ ತುಟಿ ಅಲ್ಲಾಡಿತ್ತೇ? ನಾಲಿಗೆ? ಮನೆಗೆ ಹೋಗುವ ಆತುರ ನನಗೇ ಗೊತ್ತಿಲ್ಲದಂತೆ ನನ್ನ ಬಾಯಿಂದ ಮಾತಾಡಿಸಿತೇ? ಹಾಗಾದರೆ ಕತ್ತಿಗೆ ತಾಗಿದ ಆ ತಣ್ಣನೆಯ ಉಸಿರು ಯಾರದು? ಸತ್ತ ಮೋಟಾರು ಯಾಕೆ ಬೆಚ್ಚಗಿತ್ತು? ನನ್ನ ಬೆರಳಿನ ಕೆಳಗೆ ಎರಡು ಸಲ ಓಡದೆ ಉಳಿದ ಮೋಟಾರನ್ನು ತಡೆದವರು ಯಾರು? ತಿಳಿದವರು ಯಾರಾದರೂ ಇದ್ದರೆ ಹೇಳಿ. ಆದರೆ ನನ್ನನ್ನು ಸಮಾಧಾನ ಮಾಡಲು ಮಾತ್ರ ಏನನ್ನೂ ಹೇಳಬೇಡಿ.

ನಿನ್ನೆಯೂ ಪವಾಯಿಯ ಒಂದು ಬಿಲ್ಡಿಂಗಿನಲ್ಲಿ ಕೆಲಸವಿತ್ತು. ಮಾಮಾ ಫ್ಯೂಸು ಕಟ್ಟಿಕೊಂಡು ಒಳಗಿಳಿದ. ಕೆಲಸ ಮುಗಿಯುವ ಹೊತ್ತಿಗೆ ನಾನು ಪ್ಯಾನೆಲ್ ಬಿಟ್ಟು ದೂರ ನಿಂತು ಅವನ ಹೆಸರು ಕೂಗಿದೆ. ಕೂಗಿದ ಕೂಡಲೇ ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡು, ಗಟ್ಟಿಯಾಗಿ ಒತ್ತಿ ಹಿಡಿದು, ಅವನ ಮುಖ ಕಾಣುವ ತನಕ ಹಾಗೆಯೇ ನಿಂತೆ. ಅಲ್ಲಿನ ವಾಚ್‌ಮನ್ ತೊಟ್ಟಿಯ ವಾಸನೆಗೆ ಹಾಗೆ ಮಾಡುತ್ತಿದ್ದೇನೆ ಎಂದುಕೊಂಡು ಒಂದು ಕರ್ಚೀಫು ತಂದುಕೊಟ್ಟ.